ನೆರಳಿನ ಲೆಕ್ಕ

ಕನ್ನಡ ಪಾಠ ಹೇಳುವವನಿಗೆ ಅಕ್ಕಪಕ್ಕದವರು ಹಚ್ಚುವ ಕೆಲಸಗಳಿಗೆ ಮಿತಿಯಿಲ್ಲ. ಮಗುವಿಗೊಂದು ಹೆಸರು ಹುಡುಕಿಕೊಡಿ ಎನ್ನುತ್ತಾರೆ. ಅದು ಎರಡೇ ಅಕ್ಷರದ್ದಾಗಿರಬೇಕು, ಬೇರೆ ಯಾರೂ ಇಟ್ಟಿರಬಾರದು, ಅದಕ್ಕೆ ಅರ್ಥವೂ ಇರಬೇಕು. ಲಗ್ನಪತ್ರಿಕೆ ತಿದ್ದಿಕೊಡಿ ಎನ್ನುತ್ತಾರೆ. ನಾನು ತಿದ್ದಿಕೊಟ್ಟದ್ದನ್ನು ಅಚ್ಚಿನವನು ತನಗೆ ಸರಿತೋರಿದಂತೆ ಮತ್ತೊಮ್ಮೆ ತಿದ್ದುತ್ತಾನೆ. ವೈಕುಂಠ ಸಮಾರಾಧನೆಯ ಕಾರ್ಡಿಗೆ ನಾಲ್ಕು ಸಾಲು ಬರೆದುಕೊಟ್ಟದ್ದೂ ಉಂಟು. ಇವಕ್ಕೆಲ್ಲ ನಾನು ಒಗ್ಗಿಹೋಗಿದ್ದೇನೆ. ಆದರೆ 2025ರಲ್ಲಿ, ಮಳೆಗಾಲ ಹಿಡಿಯುತ್ತಿದ್ದ ಒಂದು ಬೆಳಿಗ್ಗೆ, ಕೆಳಮನೆಯ ಗಾರ್ಡ್ ಸಾಹೇಬರು ತಂದ ಕೆಲಸ ಈ ಜಾತಿಯದಾಗಿರಲಿಲ್ಲ.

ಗಾರ್ಡ್ ಸಾಹೇಬರೆಂದರೆ ಬಾಗಿಲು ಕಾಯುವವರಲ್ಲ. ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ಹಸಿರು ಬಾವುಟ ಹಿಡಿದು ನಿಂತು, ಮೂವತ್ತು ವರ್ಷಕ್ಕೂ ಮಿಕ್ಕಿ ಹಿಂದೆ ಸರಿದುಹೋಗುವ ಊರುಗಳನ್ನು ನೋಡಿದವರು. 2022ರಲ್ಲಿ ರೈಲ್ವೆಯವರು ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂದು ಹೊಸ ಹೆಸರಿಟ್ಟರು. ನಮ್ಮವರು ಅದಕ್ಕೆ ಮೊದಲೇ ನಿವೃತ್ತರಾದ್ದರಿಂದ ಗಾರ್ಡ್ ಆಗಿಯೇ ಉಳಿದಿದ್ದಾರೆ. ಅದರ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೂ ಇದೆ. ನೌಕರಿಯ ಕಾಲದಲ್ಲಿ ಬಹುಪಾಲು ಅವರು ಸಂಸಾರ ಮಾಡಿದ್ದು ದಂಡಿನ ರೈಲ್ವೆ ಕಾಲನಿಯಲ್ಲಿ. ಈಗಿನವರು ಕಂಟೋನ್ಮೆಂಟ್ ಎನ್ನುವುದನ್ನು ಹಳಬರು ದಂಡು ಎನ್ನುತ್ತಾರೆ. ನನಗೂ ಆ ಮಾತೇ ಪ್ರಿಯ.

ಅವರ ಕೈಯಲ್ಲಿ ಪತ್ರಿಕೆಯಿಂದ ಕತ್ತರಿಸಿದ ಒಂದು ಚೂರಿತ್ತು.

"ಮೇಷ್ಟ್ರೇ, ಇದಕ್ಕೊಂದು ಆಕ್ಷೇಪಣೆ ಬರೀಬೇಕು. ಕನ್ನಡದಲ್ಲೇ ಇರಲಿ. ಗಟ್ಟಿಯಾಗಿರಲಿ," ಎಂದರು.

ವಿಷಯ ಇಷ್ಟು. ದಂಡು ರೈಲು ನಿಲ್ದಾಣದ ಹತ್ತಿರ ರೈಲ್ವೆ ಕಾಲನಿಯ 8.61 ಎಕರೆ ಜಾಗವಿದೆ. ರೈಲ್ವೆಯ ಭೂಮಿಯನ್ನು ವಾಣಿಜ್ಯದ ಉಪಯೋಗಕ್ಕೆ ತಂದು ಆದಾಯ ಮಾಡಿಕೊಳ್ಳುವುದಕ್ಕಾಗಿಯೇ ರೈಲು ಭೂಮಿ ಅಭಿವೃದ್ಧಿ ಪ್ರಾಧಿಕಾರವೆಂಬ ಒಂದು ಸಂಸ್ಥೆ ಉಂಟು. 2005ರಲ್ಲಿ ರೈಲ್ವೆ ಕಾಯಿದೆಗೆ ತಿದ್ದುಪಡಿ ತಂದು ಅದಕ್ಕೆ ಹುಟ್ಟು ಕೊಟ್ಟರು. ಆ ಪ್ರಾಧಿಕಾರದ ಮೂಲಕ ಈ ಜಾಗ ದೀರ್ಘಾವಧಿಯ ಗುತ್ತಿಗೆಗೆ ಹೋಗಿತ್ತು. ಅಲ್ಲಿ ವಾಣಿಜ್ಯ ಕಟ್ಟಡ ಏಳಬೇಕು. ಅದಕ್ಕಾಗಿ 368 ಮರಗಳನ್ನು ತೆಗೆಯಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಗೆ ಮುಂದೆ ಬಂದ ತಿದ್ದುಪಡಿಯ ಪ್ರಕಾರ, ಐವತ್ತಕ್ಕಿಂತ ಹೆಚ್ಚು ಮರಗಳನ್ನು ಕಡಿಯುವುದಾದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಜನರ ಆಕ್ಷೇಪಣೆಗಳನ್ನು ಕೇಳಬೇಕು. ಆ ಕೇಳುವ ಶಾಸ್ತ್ರವೇ ಗಾರ್ಡ್ ಸಾಹೇಬರ ಕೈಯಲ್ಲಿದ್ದ ಚೂರು.

ನಾನು ಹಳ್ಳಿಯಿಂದ ಬಂದವನು; ದಶಾಂಶದ ಎಕರೆ ನನ್ನ ತಲೆಗೆ ಹತ್ತುವುದಿಲ್ಲ. ಕಾಗದದ ಅಂಚಿನಲ್ಲೇ ಗುಣಿಸಿ ನೋಡಿದೆ. 8.61 ಎಕರೆ ಎಂದರೆ 8 ಎಕರೆ 24 ಗುಂಟೆ ಚಿಲ್ಲರೆ. ಅಂದರೆ ಒಟ್ಟು 344 ಗುಂಟೆ. ಮರ 368. ಗುಂಟೆಗೊಂದು ಮರವಿದ್ದು ಮೇಲೆ ಇಪ್ಪತ್ತನಾಲ್ಕು ಮಿಕ್ಕುತ್ತವೆ. ನಮ್ಮೂರಲ್ಲಿ ಇದಕ್ಕೆ ತೋಪು ಎನ್ನುತ್ತಾರೆ. ಬೆಂಗಳೂರಿನಲ್ಲಿ ಇದಕ್ಕೆ ಖಾಲಿ ಜಾಗ ಎನ್ನುವ ಹೆಸರು ಬಂದುಬಿಟ್ಟಿದೆ.

"ಬರೆಯೋಣ ಸಾಹೇಬರೇ," ಎಂದೆ. ಗಟ್ಟಿಯಾಗಿ ಬರೆಯುವುದು ನನಗೆ ಕಷ್ಟದ ಕೆಲಸವೆಂದು ಆಗ ಅನಿಸಲಿಲ್ಲ.

ಆ ಸಂಜೆಯೇ ಕುಳಿತೆ. ಆಕ್ಷೇಪಣೆಗೆ ಕಾರಣಗಳು ಬೇಕು, ಕಾರಣಗಳಿಗೇನೂ ಬರವಿರಲಿಲ್ಲ. ಮೊದಲನೆಯದು ನೀರು. ಈ ಊರಿನ ಕಾವೇರಿ ಸುಮಾರು ನೂರು ಕಿಲೋಮೀಟರು ದೂರದಿಂದ ಪಂಪಿನ ಬಲದಿಂದ ಮೇಲೇರಿ ಬರತಕ್ಕವಳು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಬಕೆಟು ಹಿಡಿದು ಟ್ಯಾಂಕರಿನ ದಾರಿ ಕಾದದ್ದನ್ನು ಯಾರೂ ಮರೆತಿಲ್ಲ. ಎರಡನೆಯದು ವಾಹನ. ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ರೈಲು ತಪ್ಪಿಸಿಕೊಳ್ಳದವನು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಮೂರನೆಯದು ಸದ್ದು.

ಈ ಸದ್ದಿನ ಮಾತು ಬಂದಾಗ ನನಗೆ ಇಂದಿರಾನಗರದ ನಮ್ಮ ಸೋದರತ್ತೆಯ ನೆನಪಾಯಿತು. ಅವರು ಅಲ್ಲಿ ಮನೆ ಕಟ್ಟಿಸಿದಾಗ ಸಂಜೆಯಾದರೆ ಬೀದಿಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲವಂತೆ. ಆಮೇಲೆ ನೂರಡಿ ರಸ್ತೆಗೆ ಅಂಗಡಿಗಳು ಬಂದವು. ಅಂಗಡಿಗಳ ಹಿಂದೆ ಹೋಟೆಲುಗಳು, ಹೋಟೆಲುಗಳ ಹಿಂದೆ ಪಬ್ಬುಗಳು. 2007ರಲ್ಲಿ ಒಪ್ಪಿಗೆಯಾದ ನಗರದ ಮಹಾಯೋಜನೆ ವಾಸದ ಬೀದಿಗಳಲ್ಲೂ ವ್ಯಾಪಾರಕ್ಕೆ ಬಾಗಿಲನ್ನು ಇನ್ನಷ್ಟು ಅಗಲಿಸಿತು. ಅಲ್ಲಿಯ ನಿವಾಸಿಗಳು ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿದರು. ಅತ್ತೆ ಮಾತ್ರ ಎಲ್ಲಿಗೂ ಹೋಗದೆ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುವುದನ್ನು ಕಲಿತರು.

2000ದ ಶಬ್ದಮಾಲಿನ್ಯ ನಿಯಮಗಳಲ್ಲಿ, ವಾಸದ ಪ್ರದೇಶಕ್ಕೆ ರಾತ್ರಿ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶಕ್ಕೆ 55. ಹತ್ತೇ ತಾನೆ ಹೆಚ್ಚು ಎಂದುಕೊಳ್ಳಬೇಡಿ. ಭೌತಶಾಸ್ತ್ರದ ನನ್ನ ಸಹೋದ್ಯೋಗಿಗಳು ಹೇಳಿಕೊಟ್ಟಂತೆ, ಡೆಸಿಬೆಲ್ಲಿನ ಲೆಕ್ಕದಲ್ಲಿ ಹತ್ತು ಹೆಚ್ಚಿತೆಂದರೆ ಶಬ್ದದ ತೀವ್ರತೆ ಹತ್ತರಷ್ಟಾಯಿತೆಂದು ಅರ್ಥ. ನಕ್ಷೆಯ ಮೇಲೆ ಒಂದು ಬಣ್ಣ ಅಳಿಸಿ ಇನ್ನೊಂದು ಬಣ್ಣ ಹಚ್ಚಿದರೆ ಸಾಕು, ಅತ್ತೆಯ ನಿದ್ದೆಗೆಡಿಸುವ ಸದ್ದು ಹತ್ತರಷ್ಟಾದರೂ ಕಾನೂನಿಗೆ ಭಂಗವಿಲ್ಲ. ಇದನ್ನು ಬರೆದು ಮುಗಿಸಿದಾಗ ನನ್ನ ಗದ್ಯದ ಬಗ್ಗೆ ನನಗೇ ಮೆಚ್ಚಿಗೆಯಾಯಿತು. ಮೇಷ್ಟರುಗಳ ಸ್ವಭಾವವೇ ಹಾಗೆ.

ಮಾರನೆಯ ಬೆಳಿಗ್ಗೆ ಗಾರ್ಡ್ ಸಾಹೇಬರು ಅದನ್ನು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಎಲ್ಲಾ ಸರಿಯಾಗಿದೆ. ಆದರೆ ಇದರಲ್ಲಿ ಮರ ಎಲ್ಲಿದೆ?" ಎಂದರು.

ನಿಜ. ನೀರಿತ್ತು, ವಾಹನವಿತ್ತು, ಡೆಸಿಬೆಲ್ ಇತ್ತು. ಮರ ಒಂದು ಅಂಕಿಯಾಗಿ ಮಾತ್ರ ಇತ್ತು. "ಬನ್ನಿ, ನೋಡಿಕೊಂಡು ಬಂದು ಬರೆಯಿರಿ," ಎಂದು ಅವರು ನನ್ನನ್ನು ಹೊರಡಿಸಿದರು.

ನಾವಿಬ್ಬರೂ ಕಾಲನಿಯ ಹೊರಗೋಡೆಯ ಗುಂಟ ನಡೆದೆವು. ಗಾರ್ಡ್ ಸಾಹೇಬರ ನಡಿಗೆ ಗೂಡ್ಸ್ ಗಾಡಿಯದು. ಪ್ರತಿ ಮರಕ್ಕೂ ಒಂದು ನಿಲ್ದಾಣ. "ಇದರ ಕೆಳಗೆ ನನ್ನ ಮಗಳು ಸೈಕಲ್ ಕಲಿತದ್ದು." "ಅಗೋ, ಆ ತುದಿಯಲ್ಲಿ ಕಾಣುತ್ತದಲ್ಲ, ಅದರ ಕೆಳಗೆ ನಮ್ಮ ಕ್ವಾರ್ಟರ್ಸಿನ ಹೆಂಗಸರು ಹಪ್ಪಳ ಒಣಗಿಸುವುದಕ್ಕೆ ಜಾಗವಿಲ್ಲವೆಂದು ಜಗಳವಾಡಿದ್ದು, ಅಷ್ಟು ನೆರಳು." ಮರಗಳ ಶಾಸ್ತ್ರೀಯ ನಾಮ ಅವರಿಗೆ ಗೊತ್ತಿಲ್ಲ; ಚರಿತ್ರೆ ಗೊತ್ತು.

ಅವರು ಚರಿತ್ರೆ ಹೇಳಿದರೆ ನಾನು ಪುರಾಣ ಹೇಳಬೇಡವೆ? ನನಗೆ ತಿಳಿದದ್ದನ್ನು ನಾನೂ ಹೇಳಿದೆ. 1809ರಲ್ಲಿ ಇಂಗ್ಲಿಷರು ಹಲಸೂರಿನ ಸುತ್ತಿನ ಬಯಲಿನಲ್ಲಿ ದಂಡು ಇಳಿಸಿದರು. ಜೋಲಾರಪೇಟೆಯಿಂದ ಬಂದ ಮೊದಲ ರೈಲು ಮಾರ್ಗ 1864ರಲ್ಲಿ ಇದೇ ದಂಡಿಗೆ ಬಂದು ಮುಟ್ಟಿತು. ಪೇಟೆಯ ಕಡೆಗೆ ರೈಲು ಹೋದದ್ದು ಆಮೇಲೆ. ದಂಡಿನ ಹಿಂದೆ ತಮಿಳು ಮಾತಿನವರು ಬಂದರು, ಉರ್ದು ಮಾತಿನವರು ಬಂದರು, ತೆಲುಗಿನವರು ಬಂದರು, ಆಂಗ್ಲೋ ಇಂಡಿಯನ್ನರು ರೈಲಿನ ಇಂಜಿನ್ನು ಓಡಿಸಿದರು. ಮರಗಳ ಕಥೆಯೂ ಹಾಗೆಯೇ. ಈ ಊರಿನ ಬೀದಿಗಳಲ್ಲಿ ಕೊಡೆಯಂತೆ ಹರಡಿರುವ ಮಳೆಮರದ ತವರು ದಕ್ಷಿಣ ಅಮೆರಿಕ. ಏಪ್ರಿಲ್ಲು ಮೇ ತಿಂಗಳಲ್ಲಿ ಕೆಂಪಾಗಿ ಉರಿಯುವ ಗುಲ್‌ಮೊಹರಿನ ತವರು ಮಡಗಾಸ್ಕರ್. ಬೇವು ಹೊಂಗೆಗಳು ಮಾತ್ರ ನಮ್ಮವು. ಎಲ್ಲವೂ ಒಂದೇ ಸಾಲಿನಲ್ಲಿ ನಿಂತು ಒಂದೇ ಬೀದಿಗೆ ನೆರಳು ಕೊಡುತ್ತಿವೆ. ಕನ್ನಡ ಮೇಷ್ಟರಾದ ನನಗೆ ದಂಡಿನಲ್ಲಿ ವಾಸ ಮಾಡಿ ಕಲಿತ ಪಾಠವೂ ಬಹುಶಃ ಇದೇ.

ಗೋಡೆಯ ಒಂದು ತಿರುವಿನಲ್ಲಿ ಒಳಗಿನ ಮರವೊಂದು ತನ್ನ ದೊಡ್ಡ ಕೊಂಬೆಯನ್ನು ರಸ್ತೆಯ ಕಡೆಗೆ ಚಾಚಿತ್ತು. ಅದರ ಕೆಳಗೆ ಹೂವಿನಮ್ಮ ಕುಳಿತಿದ್ದಳು. ಪಕ್ಕದಲ್ಲಿ ಒಬ್ಬ ಆಟೋದವನು ಹಿಂದಿನ ಸೀಟಿನಲ್ಲಿ ಕಾಲು ಮಡಿಸಿಕೊಂಡು ನಿದ್ದೆ ಮಾಡುತ್ತಿದ್ದ. ಸೊಪ್ಪಿನ ಗಾಡಿಯೊಂದು ನಿಂತಿತ್ತು. ಇಬ್ಬರು ಶಾಲೆಯ ಹುಡುಗರು ಬಸ್ಸಿಗೆ ಕಾಯುತ್ತಿದ್ದರು. ಇವರು ಯಾರೂ ರೈಲ್ವೆಯವರಲ್ಲ. ಕಾಲನಿಯ ಗೋಡೆಯೊಳಗೆ ಇವರಿಗೆ ಯಾವ ಹಕ್ಕೂ ಇಲ್ಲ. ಮರ ರೈಲ್ವೆಯದು; ನೆರಳು ಮಾತ್ರ ರಸ್ತೆಯದು. ಕೊಂಬೆ ಗೋಡೆ ದಾಟುವಾಗ ಯಾರ ಅಪ್ಪಣೆಯನ್ನೂ ಕೇಳಿದ್ದಿಲ್ಲ.

ಗಾರ್ಡ್ ಸಾಹೇಬರಿಗೆ ಒಂದು ಯೋಚನೆ ಹೊಳೆಯಿತು. ಆಕ್ಷೇಪಣೆಗೆ ನಮ್ಮ ಕಟ್ಟಡದವರ ಸಹಿ ಅಷ್ಟೇ ಏಕೆ, ಇವರದೂ ಇರಲಿ ಎಂದರು. ನಾನು ಹೂವಿನಮ್ಮನಿಗೆ ವಿಷಯವನ್ನು ವಿವರಿಸಿದೆ. ತರಗತಿಯ ಅಭ್ಯಾಸದಿಂದ ಸ್ವಲ್ಪ ದೀರ್ಘವಾಗಿಯೇ ವಿವರಿಸಿದೆನೆಂದು ತೋರುತ್ತದೆ. ಆಕೆ ಮೊಗ್ಗು ಕಟ್ಟುವುದನ್ನು ನಿಲ್ಲಿಸದೆ ಕೇಳಿದಳು.

"ಸೈನ್ ಹಾಕ್ತೀನಿ ಸಾರ್, ಅದಕ್ಕೇನು. ಒಂದು ಮಾತು ಕೇಳ್ಲಾ?"

"ಕೇಳಮ್ಮಾ."

"ನಿಮ್ಮ ಬಿಲ್ಡಿಂಗು ಕಟ್ಟೋವಾಗ ಹೋದ ಸಂಪಿಗೆ ಮರಕ್ಕೆ ಯಾರು ಸೈನ್ ಹಾಕಿದ್ರು?"

ಆಟೋದವನು ಕಣ್ಣು ಬಿಟ್ಟು ನಮ್ಮನ್ನು ನೋಡಿ ಮತ್ತೆ ಮುಚ್ಚಿಕೊಂಡ. ಗಾರ್ಡ್ ಸಾಹೇಬರು ಕೆಮ್ಮಿದರು.

ಆಕೆಯ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನನಗೆ ಉತ್ತರ ಸುಲಭವಾಗುತ್ತಿತ್ತು. ಆಕೆ ಲೆಕ್ಕ ಹೇಳಿದಳು, ಅಷ್ಟೆ. ನಮ್ಮ ಅಪಾರ್ಟ್‌ಮೆಂಟಿನ ಜಾಗದಲ್ಲಿ ಮೊದಲು ಒಂದು ಹಳೆಯ ಬಂಗಲೆ ಇತ್ತು. ಕಾಂಪೌಂಡಿನ ಮೂಲೆಯಲ್ಲಿ ಒಂದು ಸಂಪಿಗೆ, ಹಿಂದೆ ಒಂದು ಹಲಸು. ಸಂಪಿಗೆಯ ನೆರಳು ಬೀದಿಗೆ ಬೀಳುತ್ತಿದ್ದ ಕಡೆ ಆಕೆ ಅಂಗಡಿ ಹಾಕುತ್ತಿದ್ದಳು. ಕಟ್ಟಡ ಬಂತು, ಮರ ಹೋಯಿತು, ಆಕೆ ಈ ಗೋಡೆಯ ಬಳಿಗೆ ಬಂದಳು.

"ಕಟ್ಟಡ ಬಂದ್ರೆ ಗಿರಾಕಿ ಬರ್ತಾರೆ ಸಾರ್, ಇಲ್ಲ ಅನ್ನಲ್ಲ. ನಿಮ್ಮ ಬಿಲ್ಡಿಂಗಿಂದ್ಲೇ ಶುಕ್ರವಾರ ಎಂಟು ಮನೆಯವರು ತಗೋತಾರೆ. ಆದ್ರೆ ಬಿಸಿಲಲ್ಲಿ ಕೂತ್ರೆ ಮಲ್ಲಿಗೆ ಹನ್ನೊಂದು ಗಂಟೆಗೆ ಬಾಡ್ತದೆ. ಇಲ್ಲಿ ಕೂತ್ರೆ ಸಾಯಂಕಾಲದ ತನಕ ಇರ್ತದೆ. ನಾಲ್ಕು ಮೊಳ ಬಾಡಿದ್ರೆ ಆವತ್ತಿನ ಲಾಭ ಹೋಯ್ತು. ಇದೇ ನನ್ನ ಲೆಕ್ಕ."

ನಾವು ಬಂದ ದಾರಿಯಲ್ಲೇ ಹಿಂತಿರುಗಿದೆವು. ಗಾರ್ಡ್ ಸಾಹೇಬರು ಆ ಮರಗಳ ಬಳಿ ಈ ಸಲ ನಿಲ್ಲಲಿಲ್ಲ.

ವಾಚಕರಿಗೆ ಒಂದು ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಆ ಸಂಪಿಗೆ ಮರ ನನಗೆ ಅಪರಿಚಿತವಲ್ಲ. ಹನ್ನೆರಡು ವರ್ಷಗಳ ಹಿಂದೆ ಮುಂಗಡ ಹಣ ಕೊಡುವುದಕ್ಕೆ ಮುನ್ನ ಜಾಗ ನೋಡಲು ಬಂದಿದ್ದಾಗ ಅದು ಅಲ್ಲಿತ್ತು. ಮೇ ತಿಂಗಳ ಮಧ್ಯಾಹ್ನ. ನಾನು ಅದರ ಕೆಳಗೇ ನಿಂತು ಮನೆಗೆ ಫೋನು ಮಾಡಿದೆ. "ಜಾಗ ಬಹಳ ತಂಪಾಗಿದೆ ಕಣೇ, ತೆಗೆದುಕೊಂಡುಬಿಡೋಣ," ಎಂದೆ. ನಾನು ಮನೆ ಕೊಂಡದ್ದು ಆ ತಂಪಿಗೆ. ಮುಂದಿನ ಸಲ ಬಂದಾಗ ತಗಡಿನ ಬೇಲಿ ಹಾಕಿದ್ದರು, ಮರವಿರಲಿಲ್ಲ. ನನಗೆ ಆಗ ಏನನ್ನಿಸಿತೆಂದು ನೆನಪು ಮಾಡಿಕೊಳ್ಳಲು ಎಷ್ಟೋ ಪ್ರಯತ್ನಪಟ್ಟೆ. ಸತ್ಯವಾಗಿ ಹೇಳಬೇಕೆಂದರೆ, ಕಾರು ನಿಲ್ಲಿಸುವ ಜಾಗ ಅಲ್ಲಿಯೇ ಬರುತ್ತದೆಯೋ ಏನೋ ಎಂದು ಅನ್ನಿಸಿದ್ದು ಮಾತ್ರ ನೆನಪಿದೆ. ಬಂದದ್ದೂ ಅಲ್ಲಿಯೇ.

ಎರಡೇ ಮರ. ಐವತ್ತಾಗಿದ್ದರೆ ತಾನೆ ಕಾನೂನಿನ ಕಣ್ಣಿಗೆ ಬೀಳುವುದು? ಈ ದಂಡಿನ ಸುತ್ತ ಬಂಗಲೆಗಳು ಒಂದೊಂದಾಗಿ ಬಿದ್ದಾಗ ಹೋದ ಮರಗಳೆಲ್ಲ ಹೀಗೆಯೇ ಹೋದವು. ಇಲ್ಲಿ ಎರಡು, ಅಲ್ಲಿ ಮೂರು. ಯಾವ ಪ್ರಕಟಣೆಯಲ್ಲೂ ಬರದೆ, ಯಾರ ಆಕ್ಷೇಪಣೆಗೂ ಸಿಕ್ಕದೆ ಹೋದವು. 368 ಮರ ಒಟ್ಟಿಗೆ ಹೋಗುತ್ತವೆಂದಾಗ ನಮಗೆ ನೋವಾಗುತ್ತದೆ; ಎರಡೆರಡಾಗಿ ಹೋದರೆ ಗೃಹಪ್ರವೇಶವಾಗುತ್ತದೆ. ರೈಲ್ವೆಯವರೂ ಗುತ್ತಿಗೆದಾರರೂ ಹೇಳಬಹುದಾದ ಮಾತನ್ನೇ ನಾನೂ ಅಂದು ನನಗೆ ಹೇಳಿಕೊಂಡಿದ್ದೆ: ಜಾಗ ಅವರದು, ಕಾಗದಪತ್ರ ಸರಿಯಾಗಿದೆ, ಊರು ಬೆಳೆಯುವಾಗ ಇದೆಲ್ಲ ಇದ್ದದ್ದೇ.

ಹಾಗಾದರೆ ನನಗೆ ಆಕ್ಷೇಪಿಸುವ ಅಧಿಕಾರವೇನಿದೆ? ಆ ರಾತ್ರಿ ಇದೇ ಪ್ರಶ್ನೆ. ಬರೆಯುವುದೇ ಬೇಡ, ಗಾರ್ಡ್ ಸಾಹೇಬರಿಗೆ ಜ್ವರವೆಂದು ಹೇಳಿಬಿಡೋಣ ಎನ್ನುವವರೆಗೆ ಹೋದೆ. ನನ್ನಾಕೆ ಕೇಳಿ ನಕ್ಕಳು. "ಕದ್ದವನು ಕಳ್ಳತನ ನೋಡಿದರೂ ಬಾಯಿಬಿಡಬಾರದು ಅಂತ ಎಲ್ಲಾದರೂ ಇದೆಯೇ? ಅವನಿಗೆ ಗೊತ್ತಿರುವಷ್ಟು ಇನ್ನು ಯಾರಿಗೆ ಗೊತ್ತಿರುತ್ತದೆ?" ಎಂದಳು. ಮನೆಯಲ್ಲಿ ತರ್ಕಶಾಸ್ತ್ರ ಓದದವರೇ ಒಳ್ಳೆಯ ತರ್ಕ ಹೂಡುತ್ತಾರೆ.

ಮತ್ತೆ ಬರೆಯಲು ಕುಳಿತೆ. ನೀರು, ವಾಹನ, ಸದ್ದು ಇವನ್ನು ಹಾಗೆಯೇ ಉಳಿಸಿದೆ; ಅವೂ ಸುಳ್ಳಲ್ಲವಲ್ಲ. ಇಂಥ ಸಂದರ್ಭಗಳಲ್ಲಿ ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆಂಬ ಸಮಾಧಾನ ಕೇಳಿಬರುವುದುಂಟು. ಅದಕ್ಕೆ ಉತ್ತರವಾಗಿ ಒಂದು ಲೆಕ್ಕ ಸೇರಿಸಿದೆ: 3,680 ಸಸಿಗಳನ್ನು ಊರಾಚೆ ಎಲ್ಲಿಯೋ ನೆಟ್ಟರೆ, ಅವೆಲ್ಲ ಬದುಕಿದರೆ, ಇಂದಿನ ಈ ನೆರಳು ಬೀಳುವ ಹೊತ್ತಿಗೆ ನನಗೆ ಎಂಬತ್ತು ದಾಟಿರುತ್ತದೆ, ಆಗಲೂ ಆ ನೆರಳು ಬೀಳುವುದು ಬೇರೆ ಊರಿನಲ್ಲಿ. ಸಸಿ ಮರಕ್ಕೆ ಬದಲಾಗಬಹುದು. ಈ ಬೀದಿಯ ನೆರಳಿಗೆ ಆ ಬೀದಿಯ ನೆರಳು ಬದಲಲ್ಲ.

ಹೂವಿನಮ್ಮನ ಲೆಕ್ಕವನ್ನು ಹಾಗೆಯೇ ಇಳಿಸಿದೆ. ಹನ್ನೊಂದು ಗಂಟೆಗೆ ಬಾಡುವ ಮಲ್ಲಿಗೆ, ಸಂಜೆಯ ತನಕ ಉಳಿಯುವ ಮಲ್ಲಿಗೆ. ಈ ಜಾಗದ ಮೌಲ್ಯವನ್ನು ಗುತ್ತಿಗೆಯ ಹಣದಲ್ಲಿ ಎಣಿಸುವವರು ಈ ಕಡೆಯ ಖಾತೆಯನ್ನೂ ಬರೆದುಕೊಳ್ಳಬೇಕು; ಮರಕ್ಕೆ ಮಾಲೀಕರಿದ್ದಾರೆ, ಆದ್ದರಿಂದ ಮಾತುಕತೆಗೆ ಕರೆಯುತ್ತಾರೆ; ನೆರಳಿಗೆ ಮಾಲೀಕರಿಲ್ಲ, ಅದರಲ್ಲಿ ಕುಳಿತವರು ಮಾತ್ರ ಇದ್ದಾರೆ; ಅವರನ್ನೂ ಕರೆಯಿರಿ ಎಂದು ಬರೆದೆ. ಕೊನೆಗೆ ಒಂದು ವಾಕ್ಯ: "ಈ ಅರ್ಜಿಯನ್ನು ಬರೆದಿರುವ ನಾನು ವಾಸವಾಗಿರುವ ಕಟ್ಟಡಕ್ಕಾಗಿ ಎರಡು ಮರಗಳನ್ನು ಕಡಿಯಲಾಗಿದೆ, ಅಂದು ನಾನು ಆಕ್ಷೇಪಿಸಲಿಲ್ಲ, ಆ ನೆರಳು ಹೋದ ಮೇಲೆ ಏನಾಗುತ್ತದೆಂಬುದನ್ನು ಅನುಭವದಿಂದ ಹೇಳುತ್ತಿದ್ದೇನೆ."

ಗಾರ್ಡ್ ಸಾಹೇಬರು ಈ ವಾಕ್ಯವನ್ನು ಒಪ್ಪಲಿಲ್ಲ. "ಇದು ಆಕ್ಷೇಪಣೆಯೋ, ತಪ್ಪೊಪ್ಪಿಗೆಯೋ? ಇದನ್ನು ಓದಿದವರು ನಿಮ್ಮನ್ನೇ ಹಿಡಿದುಕೊಳ್ಳುತ್ತಾರೆ. ತೆಗೆದುಬಿಡಿ ಮೇಷ್ಟ್ರೇ," ಎಂದರು. ಅವರ ಮಾತಿನಲ್ಲಿ ವಿವೇಕವಿತ್ತು. ಅರ್ಜಿಯನ್ನು ಓದುವವರಿಗೆ ಅದರ ಬಲಕ್ಕಿಂತ ಮೊದಲು ಅದರ ದೌರ್ಬಲ್ಯ ಕಣ್ಣಿಗೆ ಬೀಳುವುದು ಸಹಜ. ನಾನು ಒಂದು ಗಳಿಗೆ ಪೆನ್ನು ಹಿಡಿದು ಕುಳಿತೆ. ಆದರೆ ಆ ಕಾಗದವನ್ನು ಹಿಡಿದು ಮತ್ತೆ ಹೂವಿನಮ್ಮನ ಮುಂದೆ ನಿಲ್ಲಬೇಕಾಗಿತ್ತು. ಆ ವಾಕ್ಯವಿಲ್ಲದೆ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ. ಹಾಗೆಯೇ ಉಳಿಸಿದೆ.

ಆಕೆಗೆ ಅದನ್ನು ಓದಿ ಹೇಳಿದೆ. ಕೊನೆಯ ವಾಕ್ಯಕ್ಕೆ ಬಂದಾಗ ಆಕೆ ಕಟ್ಟುತ್ತಿದ್ದ ಹೂವನ್ನು ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡಳು. "ಎಲ್ಲಿ ಹಾಕ್ಬೇಕು ಸಾರ್?" ಎಂದಳು. ತೋರಿಸಿದೆ. ನಿಧಾನವಾಗಿ, ಒಂದೊಂದೇ ಅಕ್ಷರವನ್ನು ಕೂಡಿಸುತ್ತ, ತಮಿಳಿನಲ್ಲಿ ತನ್ನ ಹೆಸರು ಬರೆದಳು. ಆಟೋದವನು ಉರ್ದುವಿನಲ್ಲಿ ಬರೆದ. ಸೊಪ್ಪಿನವನು ಕನ್ನಡದಲ್ಲಿ ಬರೆದು, "ಸರಿಯಾಗಿದೆಯಾ ಸಾರ್?" ಎಂದು ನನಗೆ ತೋರಿಸಿದ. ಒಂದು ಒತ್ತಕ್ಷರ ತಪ್ಪಿತ್ತು. ತಿದ್ದಲಿಲ್ಲ. ನನ್ನ ನೌಕರಿಯಲ್ಲಿ ತಪ್ಪನ್ನು ಕಂಡೂ ತಿದ್ದದೆ ಬಿಟ್ಟ ಸಂದರ್ಭಗಳು ಹೆಚ್ಚಿಲ್ಲ.

ಅರ್ಜಿಗಳಿಂದ ಏನಾಗುತ್ತದೆ ಎಂದು ನೀವು ಕೇಳಬಹುದು. ನಮ್ಮ ಕಟ್ಟಡದವರೂ ಕೇಳಿದರು. ಏನೂ ಆಗದೆ ಹೋದದ್ದೇ ಹೆಚ್ಚು. ಮಹಾತ್ಮ ಗಾಂಧಿ ರಸ್ತೆಯ ಅಂಚಿನ ಮರಗಳ ಕಾಲುದಾರಿ ಮೆಟ್ರೋಗೆ ಹೋಯಿತು. 2011ರ ಅಕ್ಟೋಬರಿನಲ್ಲಿ ರೈಲು ಬಂದಾಗ ನಾವೆಲ್ಲರೂ ಹತ್ತಿ ಸಂತೋಷಪಟ್ಟೆವು, ನಾನೂ ಸೇರಿ. ಆದರೆ ಆಗುವುದೂ ಉಂಟು. ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆ ಕಟ್ಟಬೇಕೆಂದು ಹೊರಟಾಗ ಅದಕ್ಕೆ 812 ಮರಗಳು ಹೋಗಬೇಕಿತ್ತು. 2016ರ ಅಕ್ಟೋಬರ್ 16ರ ಭಾನುವಾರ ಜನ ರಸ್ತೆಯ ಪಕ್ಕದಲ್ಲಿ ಕೈ ಕೈ ಹಿಡಿದು ನಿಂತರು. 2017ರ ಮಾರ್ಚಿಯಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು.

ಈ ಕಾಲನಿಯ ವಿಷಯದಲ್ಲೂ ಆಕ್ಷೇಪಿಸಿದವರು ನಾವು ನಾಲ್ಕು ಜನವೇ ಅಲ್ಲ; ಊರಿನ ನಾನಾ ಕಡೆಯ ಜನ ದನಿಯೆತ್ತಿದರು. ಅದೇ ವರ್ಷ ರಾಜ್ಯದ ಅರಣ್ಯ ಇಲಾಖೆ ಈ 8.61 ಎಕರೆಯನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸುವ ಪ್ರಸ್ತಾಪವನ್ನು ಮುಂದಿಟ್ಟಿತು. ದೇಶದಲ್ಲಿ ಮೊದಲು ಈ ಗೌರವಕ್ಕೆ ಪಾತ್ರವಾದದ್ದು, 2007ರಲ್ಲಿ, ದೇವನಹಳ್ಳಿಯ ಹತ್ತಿರದ ನಲ್ಲೂರಿನ ಹುಣಸೆ ತೋಪು. ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆವರಣಕ್ಕೂ ಅದು ಸಂದಿತು. ಹುಣಸೆ ತೋಪಿನ ಸಾಲಿನಲ್ಲಿ ರೈಲ್ವೆ ಕಾಲನಿಯ ಹೆಸರು ಬಂದದ್ದನ್ನು ಕೇಳಿ ಗಾರ್ಡ್ ಸಾಹೇಬರಿಗೆ ತಮಗೇ ಬಡ್ತಿ ಸಿಕ್ಕಷ್ಟು ಹಿಗ್ಗಾಯಿತು.

ನಾನು ಕುತೂಹಲದಿಂದ ಆ 2002ರ ಜೀವವೈವಿಧ್ಯ ಕಾಯಿದೆಯ 37ನೆಯ ಪ್ರಕರಣವನ್ನು ತೆಗೆದು ನೋಡಿದೆ. ಒಂದು ಜಾಗವನ್ನು ಹೀಗೆ ಘೋಷಿಸಿದ್ದರಿಂದ ಯಾರಿಗಾದರೂ ಆರ್ಥಿಕವಾಗಿ ತೊಂದರೆಯಾದರೆ ಅವರಿಗೆ ಪರಿಹಾರ ಕೊಡಲು ಸರ್ಕಾರ ಯೋಜನೆ ಮಾಡಬೇಕೆಂದು ಅದರಲ್ಲಿದೆ. ನ್ಯಾಯವಾದ ಮಾತು. ಮರ ಉಳಿದದ್ದರಿಂದ ನಷ್ಟವಾದವರನ್ನು ಕಾನೂನು ಮರೆತಿಲ್ಲ. ಮರ ಹೋದದ್ದರಿಂದ ನಾಲ್ಕು ಮೊಳ ಮಲ್ಲಿಗೆ ಬಾಡಿದವರಿಗೂ ಇಂಥದೊಂದು ಸಾಲು ಎಲ್ಲಾದರೂ ಇದ್ದಿದ್ದರೆ ಎಂದು ಅನ್ನಿಸಿತು.

ಇಷ್ಟರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ನಾವು ಅರ್ಜಿ ಕೊಟ್ಟ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೇ 2025ರ ಸೆಪ್ಟೆಂಬರಿನಲ್ಲಿ ಇಲ್ಲವಾಯಿತು; ಅದರ ಜಾಗದಲ್ಲಿ ಐದು ಪಾಲಿಕೆಗಳೂ ಮೇಲೊಂದು ಪ್ರಾಧಿಕಾರವೂ ಬಂದವು. ಕಚೇರಿ ಒಡೆದು ಐದಾಗುವಷ್ಟು ಕಾಲ ಹೂವಿನಮ್ಮನ ಮೇಲಿನ ಕೊಂಬೆ ಅಲ್ಲಿಯೇ ಇತ್ತು. ಮರಗಳ ಮಟ್ಟಿಗೆ ತಡವೆಂಬುದು ಕೆಟ್ಟ ಸುದ್ದಿಯಲ್ಲ.

ಆಮೇಲೊಂದು ಶುಕ್ರವಾರ ಹೂವು ತರಲು ಹೋಗಿದ್ದೆ. "ನಮ್ಮ ಕಾಗದ ಏನಾಯ್ತು ಸಾರ್?" ಎಂದು ಹೂವಿನಮ್ಮ ಕೇಳಿದಳು. ನಿಮ್ಮ ಕಾಗದ ಎನ್ನಲಿಲ್ಲ. ನಮ್ಮ ಕಾಗದ ಎಂದಳು. ತಲುಪಿದೆಯಮ್ಮಾ ಎಂದೆ. ಉತ್ತರ ಬಂದರೆ ಯಾವ ವಿಳಾಸಕ್ಕೆ ಬರುತ್ತದೆ ಎಂದು ವಿಚಾರಿಸಿದಳು. ನಮ್ಮ ಮನೆಗೇ ಬರುತ್ತದೆ ಎಂದು ಹೇಳಿ, ಹೂವಿನ ಪೊಟ್ಟಣ ಹಿಡಿದು ಹೊರಟೆ.

ನಮ್ಮ ಕಟ್ಟಡದ ಬಾಗಿಲಲ್ಲಿ ಅದರ ಹೆಸರನ್ನು ಹಿತ್ತಾಳೆಯ ಅಕ್ಷರಗಳಲ್ಲಿ ಕೂರಿಸಿದ್ದಾರೆ. ಎಷ್ಟೋ ವರ್ಷಗಳಿಂದ ಅದರ ಕೆಳಗೆ ಹಾದುಹೋಗುತ್ತಿದ್ದೇನೆ. ಅರ್ಜಿಯ ಕೊನೆಗೆ ಅದನ್ನೇ ವಿಳಾಸವಾಗಿ ಬರೆದುಕೊಟ್ಟಿದ್ದೇನೆ. ಕಟ್ಟಿದವರು ಕಡಿದ ಮರದ ಹೆಸರನ್ನೇ ಕಟ್ಟಡಕ್ಕೆ ಇಟ್ಟಿದ್ದಾರೆಂಬುದು ಅಂದು ಹೂವು ಹಿಡಿದು ಒಳಗೆ ಬರುವಾಗ ಕಣ್ಣಿಗೆ ಬಿತ್ತು.